ಮದುವೆಗೆ ಸರ್ಕಾರ ಎಂತಕ್ಕೆ ಮಾರ್ರೆ? ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಂದು ಮಂಗಳೂರಲ್ಲಿ ಒಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಪಕ್ಕದಲ್ಲೇ ರಿಜಿಸ್ಟ್ರಿ ಆಫೀಸ್ ಇರುದ್ರಿಂದ ಮದುವೆ ಅರ್ಜಿ ತುಂಬಿಸ್ಲಿಕ್ಕೆ ಬರುವವರೇ ಜಾಸ್ತಿ. ನಾನು ವಕೀಲ ಅಲ್ಲ, ಹದಿನೆಂಟು ವರ್ಷ ಫಾರ್ಮ್ ತುಂಬಿಸಿ ತುಂಬಿಸಿ, ಗೊತ್ತಿರುವ ಲಾಯರ್‌ಗಳ ಹತ್ರ ಕೇಳಿ ಕೇಳಿ ಆದ ಜ್ಞಾನ ಇದು. ಆಧಾರ್ ಝೆರಾಕ್ಸ್ ಬರುವಷ್ಟು ಹೊತ್ತು ಜನ ಸುಮ್ನೆ ನಿಲ್ಲುದಿಲ್ಲ, ಒಂದು ಪ್ರಶ್ನೆ ಕೇಳಿಯೇ ಕೇಳ್ತಾರೆ, ಹೇಳಿ ಹೇಳಿ ನಂಗೆ ಬಾಯಿ ಬತ್ತಿತು, ಅದಕ್ಕೆ ಒಟ್ಟಿಗೆ ಬರ್ದು ಹಾಕ್ತಿದ್ದೇನೆ. ನನ್ನ ಅಭಿಪ್ರಾಯ ಕೂಡ ಮಧ್ಯೆ ಮಧ್ಯೆ ಉಂಟು, ಬೇಡ ಅಂದ್ರೆ ಅದನ್ನು ಬಿಟ್ಟು ಓದಿ.

ಮದುವೆ ಆಗುದು ಇಬ್ಬರು, ಒಪ್ಪುದು ಎರಡು ಮನೆಯವರು. ನಡುವೆ ಸರ್ಕಾರ ತಲೆ ಹಾಕುದು ಯಾಕೆ?

ಸರ್ಕಾರ ತಲೆ ಹಾಕದಿದ್ದ ಕಾಲದಲ್ಲಿ ಮದುವೆ ಫ್ರೀ ಇತ್ತು ಅಂತ ನಿಮಗೆ ಯಾರು ಹೇಳಿದ್ದು? ನಮ್ಮ ತುಳುನಾಡಲ್ಲೇ ನೋಡಿ. ಒಂದೇ ಬರಿಯವರು (ಬರಿ ಅಂದ್ರೆ ಗೋತ್ರದ ಹಾಗೆ ಒಂದು ವಂಶ) ಮದುವೆ ಆಗ್ಲಿಕ್ಕೆ ಇಲ್ಲ. ಬರಿ ಬರುದು ಅಮ್ಮನ ಕಡೆಯಿಂದ. ಘಟ್ಟದ ಮೇಲೆ ಅಕ್ಕನ ಮಗಳನ್ನು ಮದುವೆ ಆಗುದು ಮಾಮೂಲು, ನಮ್ಮಲ್ಲಿ ಅಳಿಯಕಟ್ಟಿನ, ಅಂದ್ರೆ ಅಮ್ಮನ ಕಡೆಯಿಂದ ವಂಶ, ಆಸ್ತಿ ಎಣಿಸುವ ಮನೆಯಲ್ಲಿ ಆ ಮಾತು ಎತ್ತಿದ್ರೆ ಅಜ್ಜಿ ಕೋಲು ತಗೊಳ್ತಾರೆ, ಯಾಕಂದ್ರೆ ಮಾವನಿಗೂ ಸೊಸೆಗೂ ಬರಿ ಒಂದೇ. ಇಗರ್ಜಿಯಲ್ಲಿ, ಅಂದ್ರೆ ಚರ್ಚಿನಲ್ಲಿ, ಮದುವೆಗೆ ಮುಂಚೆ ಮೂರು ಆದಿತ್ಯವಾರ ಹೆಸರು ಓದುದುಂಟು, ಯಾರದ್ದಾದ್ರೂ ತಕರಾರು ಇದ್ರೆ ಹೇಳಿ ಅಂತ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಮಸೀದಿಯ ಜಮಾತಿನ ಪುಸ್ತಕ ಉಂಟು. ಗುತ್ತಿನ ಮನೆಯವರು (ಊರಿನ ದೊಡ್ಡ ಮನೆತನ), ಜಾತಿಯ ಹಿರಿಯರು, ಗುರಿಕಾರ ಅನ್ನುವ ಮುಖ್ಯಸ್ಥ, ಎಲ್ಲರೂ ಮದುವೆಯ ಒಳಗೆ ಕೈ ಹಾಕಿದವರೇ.

ಹಾಗಾಗಿ ಕೈ ಹಾಕುದು ಯಾರು, ಎಷ್ಟು ಅಂತ ಕೇಳಿ. ನನ್ನ ಲೆಕ್ಕ ಇಷ್ಟೇ: ಧಾರೆ ಮನೆಯವರು ಎರೆಯಲಿ, ಪುಸ್ತಕ ಸರ್ಕಾರ ಬರೆಯಲಿ. ಪುಸ್ತಕ ಬರೆಯುವವ ಬಾಗಿಲು ಕಾಯ್ಲಿಕ್ಕೆ ಬರುದು ಬೇಡ.

ಹಳೇ ಕಾಲದಲ್ಲಿ ರಿಜಿಸ್ಟ್ರಿ ಇಲ್ಲದೆ ಎಲ್ಲ ಸರಿ ನಡೀತಿತ್ತಲ್ಲ?

ನಡೀತಿತ್ತು, ಕೋರ್ಟಿನ ಬಾಗಿಲಿಗೆ ಹೋಗುವವರೆಗೆ. ನಮ್ಮ ಜಿಲ್ಲೆ 1956ರ ತನಕ ಮದರಾಸಿನ ಕೆಳಗೆ ಇತ್ತು ಗೊತ್ತಲ್ಲ. ಅಳಿಯಕಟ್ಟಿನಲ್ಲಿ ಹೆಂಡತಿ ತನ್ನ ತಾಯಿಮನೆಯ ಹಕ್ಕಿನವಳು, ಮಕ್ಕಳು ಅಮ್ಮನ ಕುಟುಂಬಕ್ಕೆ, ಬಿಟ್ಟು ಹೋಗ್ಲಿಕ್ಕೂ ದಾರಿ ಇತ್ತು, ಬಿಟ್ಟವಳಿಗೆ ಇಲ್ಲದಿದ್ರೆ ಗಂಡ ತೀರಿಹೋದವಳಿಗೆ ಪುನಃ ಬುಡುಧಾರೆ ಅಂತ ಮದುವೆಯೂ ಇತ್ತು. ಆದ್ರೆ 19ನೇ ಶತಮಾನದ ಮದರಾಸು ಜಡ್ಜ್‌ಗಳಿಗೆ ಇದು ತಲೆಗೆ ಹೋಗ್ಲಿಲ್ಲ, ಇಷ್ಟು ಸುಲಭದಲ್ಲಿ ಬಿಡ್ಲಿಕ್ಕೆ ಆಗುದಾದ್ರೆ ಇದು ಮದುವೆಯೇ ಅಲ್ಲ ಅಂತ ತೀರ್ಪು ಬರೆದ್ರು. ಊರಿಡೀ ಊಟ ಮಾಡಿ ಬಂದ ಮದುವೆ, ಗುತ್ತಿನ ಯಜಮಾನ್ರು ನಿಂತು ಎರೆಸಿದ ಧಾರೆ, ಕಾಗದದಲ್ಲಿ ಮದುವೆಯೇ ಅಲ್ಲ! ಕಾನೂನಿನಲ್ಲಿ ಇದನ್ನು ಸರಿ ಮಾಡ್ಲಿಕ್ಕೆ 1949ರ ಮದರಾಸು ಅಳಿಯಸಂತಾನ ಕಾಯ್ದೆ ಬರ್ಬೇಕಾಯ್ತು, ಮತ್ತೆ 1955ರ ಹಿಂದೂ ವಿವಾಹ ಕಾಯ್ದೆ ಬಂತು.

ಇದರಿಂದ ನಂಗೆ ಅರ್ಥ ಆದದ್ದು ಎರಡು, ಎರಡೂ ಒಂದಕ್ಕೊಂದು ಉಲ್ಟಾ. ಮದುವೆ ಅಂದ್ರೆ ಎಂತ ಅಂತ ಸರ್ಕಾರ ತೀರ್ಮಾನ ಮಾಡ್ಲಿಕ್ಕೆ ಹೋದ್ರೆ ನಮ್ಮ ಅಜ್ಜಿಯಂದಿರನ್ನು ಹೀಗೆ ಅವಮಾನ ಮಾಡ್ತದೆ. ಸರ್ಕಾರ ಮದುವೆಯನ್ನು ಒಪ್ಪದೇ ಹೋದ್ರೆ ಆಸ್ತಿ, ಮಕ್ಕಳ ಹೆಸರು, ಹೆಂಡತಿಯ ಹಕ್ಕು ಎಲ್ಲ ಗಾಳಿಯಲ್ಲಿ.

ನಮ್ಮದು ಧಾರೆ ಮದುವೆ, ಏಳು ಹೆಜ್ಜೆ ಹಾಕ್ಲಿಲ್ಲ. ಕಾನೂನಿನಲ್ಲಿ ಮದುವೆ ಆಯ್ತಾ?

ಆಯ್ತು. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುದು ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದ ಪ್ರಕಾರ ಆಗ್ಬೇಕು ಅಂತ. ಸಪ್ತಪದಿ ಸಂಪ್ರದಾಯದಲ್ಲಿ ಇದ್ರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ನಿಮ್ಮ ಕಡೆ ಧಾರೆಯೇ ಮುಖ್ಯ ಅಂದ್ರೆ ಧಾರೆಯೇ ಸಾಕು. ಪುರೋಹಿತರು ಸಿನಿಮಾದಲ್ಲಿ ನೋಡಿದ ಹಾಗೆ ಎಲ್ಲ ಮಾಡಿಸ್ತಾರೆ ಈಗ, ಅದು ಬೇರೆ.

ಉಲ್ಟಾ ಕೇಸ್ ಕೂಡ ಉಂಟು. ವೀಸಾಕ್ಕೆ ಅರ್ಜೆಂಟ್ ಅಂತ ಶಾಸ್ತ್ರ ಎಂತದ್ದೂ ಮಾಡದೆ ಮೊದ್ಲು ಸರ್ಟಿಫಿಕೇಟ್ ಮಾಡಿಸ್ಕೊಳ್ತಾರೆ, ಮದುವೆ ಆಮೇಲೆ ಹಾಲ್ ಸಿಕ್ಕಿದಾಗ. 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿತು: ಹಿಂದೂ ಕಾಯ್ದೆಯಲ್ಲಿ ಶಾಸ್ತ್ರ ನಡೆಯದೆ ಬರೇ ಸರ್ಟಿಫಿಕೇಟ್ ಇದ್ರೆ ಅದು ಮದುವೆ ಅಲ್ಲ ಅಂತ. ಅಂದ್ರೆ ಕಾನೂನೇ ಹೇಳ್ತಾ ಉಂಟು, ಮದುವೆ ಮಾಡುದು ನೀವು, ಆಫೀಸ್ ಬರ್ಕೊಳ್ಳುದು ಮಾತ್ರ. ನಂಗೆ ಈ ತೀರ್ಪು ಅದಕ್ಕೇ ಇಷ್ಟ.

ಮಂತ್ರಮಾಂಗಲ್ಯ, ಅಂದ್ರೆ ಪುರೋಹಿತರಿಲ್ಲದ ಸರಳ ಮದುವೆ, ಮಾಡುವವರು ಇಲ್ಲಿ ಸ್ವಲ್ಪ ಜಾಗ್ರತೆ. ಕುವೆಂಪು ತೋರಿಸಿದ ದಾರಿ, ಚಂದ ಉಂಟು, ಖರ್ಚಿಲ್ಲ. ಆದ್ರೆ ತಮಿಳುನಾಡಲ್ಲಿ 1967ರಲ್ಲೇ ಇಂಥದ್ದೇ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಅಂತ ಕಾಯ್ದೆಯಲ್ಲಿ 7ಎ ಅಂತ ಬೇರೆಯೇ ಸೆಕ್ಷನ್ ಸೇರಿಸಿದ್ರು, ನಮ್ಮಲ್ಲಿ ಹಾಗೆ ಸೇರಿಸ್ಲಿಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಮಂಡೆ ಬಿಸಿ, ಅದಕ್ಕೆ ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ (ಧರ್ಮ, ಶಾಸ್ತ್ರ ನೋಡದೆ ಸರ್ಕಾರಿ ಅಧಿಕಾರಿ ಮುಂದೆಯೇ ಆಗುವ ಮದುವೆ) ಕೂಡ ಮಾಡಿಸಿ ಅಂತ ನಾನು ಹೇಳುದು.

ರಿಜಿಸ್ಟ್ರಿ ಮಾಡಿಸದಿದ್ರೆ ಮದುವೆ ಕ್ಯಾನ್ಸಲಾ?

ಇಲ್ಲ ಮಾರಾಯ್ರೆ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ ಅಂತಲೇ 1976ರ ಕಾಯ್ದೆ ಉಂಟು, 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಧರ್ಮದವರಿಗೂ ಕಡ್ಡಾಯ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಆದ್ರೂ ನೋಂದಣಿ ಆಗ್ಲಿಲ್ಲ ಅಂತ ಆದ ಮದುವೆ ಹೋಗುದಿಲ್ಲ, ಸಾಕ್ಷಿ ಹೋಗ್ತದೆ ಅಷ್ಟೇ.

ಸಾಕ್ಷಿಯ ಬೆಲೆ ಗೊತ್ತಾಗುದು ಗಲ್ಫಿಗೆ ಹೋಗುವಾಗ. ದುಬೈಯಲ್ಲಿ ಕೆಲಸ ಸಿಕ್ಕಿದ ಹುಡುಗ ಹೆಂಡತಿಯನ್ನು ಕರ್ಕೊಂಡು ಹೋಗ್ಬೇಕಾದ್ರೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಅಟೆಸ್ಟೇಷನ್ ಬೇಕು, ಇವರ ಹತ್ರ ಇರುದು ಮದುವೆ ಆಲ್ಬಮ್ ಮತ್ತೆ ಡ್ರೋನ್ ವಿಡಿಯೋ. ರೋಸ್‌ಗೆ (ಕ್ರಿಶ್ಚಿಯನ್ನರಲ್ಲಿ ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಐನೂರು ಜನ ಕರೆದಿರ್ತಾರೆ, ಮೆಹಂದಿಗೆ ಡಿಜೆ ಇಟ್ಟಿರ್ತಾರೆ, ಒಂದು ಕಾಗದ ಮಾಡಿಸ್ಲಿಕ್ಕೆ ಪುರುಸೊತ್ತಿಲ್ಲ. ಗಂಡ ಅಲ್ಲಿ ಕೈ ಕೊಟ್ಟ ಅಂತ ಗೊತ್ತಾದ್ರೆ ಊರಲ್ಲಿ ಉಳಿದ ಹುಡುಗಿಗೆ ಮೊದ್ಲು ಬೇಕಾಗುದು ಇದೇ ಕಾಗದ. ಈಗ ಸರ್ಕಾರದ ನೋಂದಣಿ ವೆಬ್‌ಸೈಟ್ ಆದ ಕಾವೇರಿ ಪೋರ್ಟಲ್‌ನಲ್ಲಿ ಹಿಂದೂ ಮದುವೆಗೆ ಮನೆಯಿಂದಲೇ ಅರ್ಜಿ ಹಾಕ್ಲಿಕ್ಕೆ ಆಗ್ತದೆ, ನನ್ನ ವ್ಯಾಪಾರಕ್ಕೆ ಸ್ವಲ್ಪ ಪೆಟ್ಟು ಬಿತ್ತು, ಆದ್ರೂ ಒಳ್ಳೇದೇ.

ಬೇರೆ ಬೇರೆ ಧರ್ಮದವರಿಗೆ ಮೂವತ್ತು ದಿನ ನೋಟೀಸ್ ಬೋರ್ಡಿನಲ್ಲಿ ಹಾಕ್ತಾರಂತೆ, ಹೌದಾ?

ಹೌದು, ಮತ್ತೆ ನನ್ನ ಇಡೀ ಕೋಪ ಇರುದು ಇದರ ಮೇಲೆಯೇ, ಸ್ವಲ್ಪ ಉದ್ದ ಆಗ್ತದೆ, ಕೂತ್ಕೊಳ್ಳಿ.

1954ರ ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ ಹೀಗುಂಟು: ಇಬ್ಬರಲ್ಲಿ ಒಬ್ಬರಾದ್ರೂ ಆ ಜಿಲ್ಲೆಯಲ್ಲಿ ಕಡಿಮೆ ಅಂದ್ರೆ 30 ದಿನ ಇದ್ದಿರ್ಬೇಕು. ಅಲ್ಲಿನ ವಿವಾಹ ಅಧಿಕಾರಿಗೆ ನೋಟೀಸ್ ಕೊಡ್ಬೇಕು. ಅವರು ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸ್ಬೇಕು. ಒಬ್ಬರ ಖಾಯಂ ವಿಳಾಸ ಬೇರೆ ಜಿಲ್ಲೆಯಾದ್ರೆ ಅಲ್ಲಿನ ಆಫೀಸಿಗೂ ಒಂದು ಪ್ರತಿ ಹೋಗ್ತದೆ. 30 ದಿನದ ಒಳಗೆ ಯಾರು ಬೇಕಾದ್ರೂ, ದಾರಿಯಲ್ಲಿ ಹೋಗುವ ಮನುಷ್ಯ ಕೂಡ, ಆಕ್ಷೇಪಣೆ ಹಾಕ್ಬಹುದು. ಆಮೇಲೆ ಮೂರು ಸಾಕ್ಷಿ ಮುಂದೆ ಮದುವೆ. ನೋಟೀಸ್ ಕೊಟ್ಟು ಮೂರು ತಿಂಗಳು ದಾಟಿದ್ರೆ ಪುನಃ ಒಂದರಿಂದ ಶುರು.

ಆಕ್ಷೇಪಣೆಗೆ ಕಾರಣ ಎಂತ ಇರ್ಬಹುದು ಅಂತ ಕಾಯ್ದೆಯಲ್ಲೇ ಉಂಟು. ಹುಡುಗನಿಗೆ 21, ಹುಡುಗಿಗೆ 18 ಆಗ್ಲಿಲ್ಲ, ಮೊದಲೇ ಹೆಂಡತಿ ಅಥವಾ ಗಂಡ ಇದ್ದಾರೆ, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡುವ ಮನಸ್ಥಿತಿ ಇಲ್ಲ. ಅಷ್ಟೇ. "ಹುಡುಗ ಆ ಧರ್ಮದವನು" ಅನ್ನುದು ಕಾರಣ ಅಲ್ಲ. ಸುಮ್ನೆ ಕಿರಿಕ್ ಮಾಡ್ಲಿಕ್ಕೆ ಆಕ್ಷೇಪಣೆ ಹಾಕಿದವನಿಗೆ ಜಾಸ್ತಿ ಅಂದ್ರೆ 1000 ರೂಪಾಯಿ ದಂಡ. 1954ರ ಸಾವಿರ ರೂಪಾಯಿ ದೊಡ್ಡದಿತ್ತು, ಈಗ ಅದು ಎರಡು ಜನರ ಮೀನೂಟದ ಬಿಲ್ಲು.

ಕಾಗದದಲ್ಲಿ ಇಷ್ಟು ಸರಿ ಇದೆ. ನಮ್ಮ ಊರಲ್ಲಿ ಎಂತ ಆಗ್ತದೆ ಅಂದ್ರೆ, ಮೂರ್ನಾಲ್ಕು ವರ್ಷದ ಹಿಂದೆ ಒಂದು ಜೋಡಿ ನನ್ನ ಅಂಗಡಿಯಲ್ಲೇ ಫಾರ್ಮ್ ತುಂಬಿಸಿತು. ಹುಡುಗಿ ನರ್ಸ್, ಕೈಯಲ್ಲಿ ಟಿಫಿನ್ ಬ್ಯಾಗ್, ಡ್ಯೂಟಿ ಮುಗಿಸಿ ಸೀದಾ ಬಂದದ್ದು, ಮನೆ ನಂಬ್ರ ಬರೆಯುವಾಗ ಕೈ ನಡುಗಿ ಎರಡು ಸಲ ಫಾರ್ಮ್ ಹಾಳಾಯ್ತು. ಬೋರ್ಡಿಗೆ ಗಾಜು ಉಂಟು, ಗಾಜಿನ ಒಳಗೆ ಹಳೇ ನೋಟೀಸುಗಳು ಬಿಸಿಲಿಗೆ ಹಳದಿ ಆಗಿ ಸುರುಟಿಕೊಂಡಿರ್ತವೆ, ಅದರ ಮಧ್ಯೆ ಇವರದ್ದು ಹೊಸ ಬಿಳಿ ಕಾಗದ, ಫೋಟೋ ಸಮೇತ, ದೂರದಿಂದಲೇ ಕಾಣ್ತದೆ. ಬೆಳಿಗ್ಗೆ ಅಂಟಿಸಿದ್ದು. ಮಧ್ಯಾಹ್ನ ನಾನು ಊಟ ಬಿಚ್ಚುವಾಗ ಅದೇ ಕಾಗದದ ಫೋಟೋ ನಾನಿರುವ ಒಂದು ವಾಟ್ಸಾಪ್ ಗ್ರೂಪಿಗೆ ಬಂತು. ಹೆಸರು, ವಿಳಾಸ, ಅಪ್ಪನ ಹೆಸರು ಎಲ್ಲ. ಸಂಜೆಗೆ ಆ ಹುಡುಗಿಯ ಮನೆ ಅಂಗಳದಲ್ಲಿ ಗುರುತಿಲ್ಲದ ಹತ್ತು ಜನ. ಅವರು ಕೊನೆಗೆ ಬೇರೆ ಊರಿಗೆ ಹೋಗಿ ಮದುವೆ ಆದ್ರಂತೆ, ಪುನಃ 30 ದಿನ ಅಲ್ಲಿ ಬಾಡಿಗೆಗೆ ಕೂತು. ನನ್ನ ಕೈಯಾರೆ ಟೈಪ್ ಮಾಡಿದ ವಿಳಾಸ ಅದು ಅಂತ ಇವತ್ತಿಗೂ ನಂಗೆ ಒಂಥರಾ ಆಗ್ತದೆ.

ಈಗ ಇನ್ನೊಂದು ಜೋಡಿ ತಗೊಳ್ಳಿ, ಇಬ್ಬರೂ ಹಿಂದೂ. ಬೆಳಿಗ್ಗೆ ದೇವಸ್ಥಾನದಲ್ಲಿ ಮದುವೆ, ಮತ್ತೆ ನೋಂದಣಿಗೆ ಅರ್ಜಿ, ನೋಟೀಸೂ ಇಲ್ಲ ಬೋರ್ಡೂ ಇಲ್ಲ. ಮೊದಲ ಮದುವೆ ಮುಚ್ಚಿಡುವವ ಎರಡೂ ಕಡೆ ಇರ್ಬಹುದು ಅಲ್ವಾ? ಹಾಗಾದ್ರೆ ಬೋರ್ಡ್ ಒಬ್ಬರಿಗೆ ಮಾತ್ರ ಯಾಕೆ? 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಇದನ್ನೇ ಹೇಳಿತು, ಜೋಡಿ ಬೇಡ ಅಂದ್ರೆ ನೋಟೀಸ್ ಪ್ರಕಟಿಸ್ಬೇಡಿ ಅಂತ. ಅದು ಆ ರಾಜ್ಯದ್ದು. ಅದೇ ವರ್ಷ ಬೆಳಗಾವಿ ಕಡೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರದ್ದೋ ಜಾತಿಯವರದ್ದೋ ಒಪ್ಪಿಗೆ ಬೇಕಿಲ್ಲ ಅಂತ. ಕೋರ್ಟ್ ಬೇಕಿಲ್ಲ ಅಂದದ್ದನ್ನು ಬೋರ್ಡ್ ಹಿಂದಿನ ಬಾಗಿಲಿನಿಂದ ಒಳಗೆ ಕರ್ಕೊಂಡು ಬರ್ತದೆ.

ನೋಟೀಸ್ ತೆಗೆದ್ರೆ ಮೋಸ ಮಾಡುವವರಿಗೆ ಸುಲಭ ಆಗುದಿಲ್ವಾ? ನನ್ನ ಮಗಳು ಆದ್ರೆ ನಂಗೆ ಗೊತ್ತಾಗ್ಬೇಡ್ವಾ?

ಒಬ್ಬರು ಅಪ್ಪ ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ದು ಇದು, ಅದಕ್ಕೆ ತಮಾಷೆ ಮಾಡುದಿಲ್ಲ. ನಿಮಗೆ ಹೇಳ್ಬೇಕಾದದ್ದು ಮಗಳು, ಬೋರ್ಡ್ ಅಲ್ಲ. ಅವಳು ಹೇಳ್ಲಿಕ್ಕೆ ಹೆದರ್ತಾಳೆ ಅಂದ್ರೆ ಅದಕ್ಕೆ ಸರ್ಕಾರದ ಹತ್ರ ಮದ್ದಿಲ್ಲ.

ಮೋಸದ ವಿಷಯ ಬೇರೆ. ಎಲ್ಲ ಮದುವೆಯೂ ಒಂದೇ ಕಂಪ್ಯೂಟರಿಗೆ ಹೋಗುದಾದ್ರೆ ಮೊದಲ ಮದುವೆ ಉಂಟಾ ಇಲ್ವಾ ಅಂತ ಅಧಿಕಾರಿ ಐದು ನಿಮಿಷದಲ್ಲಿ ನೋಡ್ಬಹುದು, ಜಾಗದ ಇಸಿ (ಜಾಗದ ಮೇಲಿನ ಸಾಲ, ಮಾರಾಟದ ವಿವರ ಇರುವ ಋಣಭಾರ ಪತ್ರ) ತೆಗೆದ ಹಾಗೆ. ಜಾಗ ತಗೊಳ್ಳುವಾಗ ಇಸಿ ನೋಡ್ತೇವೆ, ಹುಡುಗನದ್ದು ನೋಡುದಿಲ್ಲ! ಒಬ್ಬರ ಗುಟ್ಟು ಊರಿಗೆಲ್ಲ ಹರಡದೆ ಈ ಕೆಲಸ ಆಗ್ತದೆ. ಎರಡನೇ ಮದುವೆ ಮುಚ್ಚಿಟ್ಟು ಆದವನಿಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಹೇಗೂ ಉಂಟು.

ಸರ್ಕಾರ ಪೂರ್ತಿ ಬಿಟ್ಟು ಆಯಾ ಧರ್ಮದವರೇ ನೋಡ್ಕೊಳ್ಳಲಿ ಅಂದ್ರೆ?

ಮದುವೆಯ ದಿನ ಇದು ಚಂದ ಕೇಳ್ತದೆ. ಬಿಡುವ ದಿನ ನೋಡಿ. ಕ್ರಿಶ್ಚಿಯನ್ನರಲ್ಲಿ ಇಗರ್ಜಿಯ ಕೋರ್ಟಿನಿಂದ ಮದುವೆ ರದ್ದು ಅಂತ ಕಾಗದ ಸಿಗ್ತದೆ, ಇನ್ನು ಪುನಃ ಮದುವೆ ಆಗ್ಬಹುದು ಅಂತ ಜನ ತಿಳ್ಕೊಳ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವರಿನ್ನೂ ಗಂಡ ಹೆಂಡತಿ! ಆ ಕಾಗದಕ್ಕೆ ಕಾನೂನಿನ ಬೆಲೆ ಕೊಡಿ ಅಂತ ನಮ್ಮ ಮಂಗಳೂರಿನ ಹಿರಿಯ ವಕೀಲರೇ ಸುಪ್ರೀಂ ಕೋರ್ಟಿಗೆ ಹೋಗಿದ್ರು, 2017ರ ಜನವರಿಯಲ್ಲಿ ಅರ್ಜಿ ವಜಾ ಆಯ್ತು. ಅದೇ ವರ್ಷ ಆಗಸ್ಟ್ 22ಕ್ಕೆ ಒಂದೇ ಉಸಿರಿನ ಮೂರು ತಲಾಕ್ ಕೂಡ ಹೋಯ್ತು, 2019ರಲ್ಲಿ ಅದಕ್ಕೆ ಮೂರು ವರ್ಷದ ತನಕ ಜೈಲು ಅಂತ ಕಾಯ್ದೆ ಮಾಡಿದ್ರು. ಜೈಲು ಅನ್ನುದು ನಂಗೆ ಅತಿ ಅಂತ ಕಾಣ್ತದೆ, ಗಂಡ ಒಳಗೆ ಕೂತ್ರೆ ಜೀವನಾಂಶ ಕೊಡುದು ಯಾರು? ಆದ್ರೆ ಧರ್ಮದ ಹಿರಿಯರಿಗೇ ಬಿಟ್ರೆ ಬಾಗಿಲಾಚೆ ನಿಲ್ಲುದು ಹೆಂಗಸರೇ, ಯಾವ ಧರ್ಮ ಆದ್ರೂ. ಅಲ್ಲಿ ಸರ್ಕಾರ ಬೇಕು.

ನೂರು ರೂಪಾಯಿ ಬಾಂಡ್ ಪೇಪರಿನಲ್ಲಿ ಅಗ್ರಿಮೆಂಟ್ ಮಾಡಿದ್ರೆ ಆಗುದಿಲ್ವಾ?

ಇಲ್ಲ. ಇಲ್ಲ. ಇಲ್ಲ. ಬಾಂಡ್ ಪೇಪರಿನಲ್ಲಿ ಮದುವೆಯೂ ಆಗುದಿಲ್ಲ ಡೈವೋರ್ಸೂ ಆಗುದಿಲ್ಲ, ನೋಟರಿ ಸೀಲ್ ಹೊಡೆದ್ರೂ ಆಗುದಿಲ್ಲ. ವಾರಕ್ಕೆ ಒಬ್ಬರಾದ್ರೂ ಬರ್ತಾರೆ, "ಇಬ್ಬರಿಗೂ ಒಪ್ಪಿಗೆ ಉಂಟು, ಬರ್ದು ಕೊಡಿ" ಅಂತ. ಇಬ್ಬರಿಗೂ ಒಪ್ಪಿಗೆ ಇದ್ರೆ ಹಿಂದೂ ಕಾಯ್ದೆಯ 13ಬಿ ಪ್ರಕಾರ ಫ್ಯಾಮಿಲಿ ಕೋರ್ಟಿಗೆ ಹೋಗಿ, ಒಂದು ವರ್ಷ ಬೇರೆ ಇದ್ದಿರ್ಬೇಕು, ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನಸ್ಸು ಮಾಡಿದ್ರೆ ಬಿಡ್ಬಹುದು ಅಂತ 2017ರಲ್ಲಿ ಆಗಿದೆ. ಜಾತಿಯಲ್ಲಿ ಬಿಡುಗಡೆಯ ಹಳೇ ರೂಢಿ ಇದ್ರೆ ಅದಕ್ಕೆ ಕಾಯ್ದೆಯ 29ನೇ ಸೆಕ್ಷನ್‌ನಲ್ಲಿ ಜಾಗ ಉಂಟು, ಆದ್ರೆ ರೂಢಿ ಇತ್ತು ಅಂತ ಕೋರ್ಟಿನಲ್ಲಿ ಸಾಬೀತು ಮಾಡುದು ನಿಮ್ಮ ತಲೆನೋವು.

ಇಂಗ್ಲಿಷ್ ಓದಿದ ಹುಡುಗರು ಹೇಳುದುಂಟು, ಮದುವೆ ಬರೇ ಕಾಂಟ್ರಾಕ್ಟ್ ಆಗ್ಲಿ ಅಂತ. ಆಗ್ಲಿ, ಆದ್ರೆ ಕಾಂಟ್ರಾಕ್ಟ್ ಮುರಿದ್ರೆ ಹೋಗುದೆಲ್ಲಿಗೆ? ಪುನಃ ಸರ್ಕಾರದ ಕೋರ್ಟಿಗೇ. ಮತ್ತೆ ಮಕ್ಕಳು ಸಹಿ ಹಾಕಿರುದಿಲ್ಲ.

ಹುಡುಗಿಗೆ 18 ಅಂತ ಸರ್ಕಾರ ಹೇಳುದು ಸರಿಯಾ?

ಸರಿ. ಇದರಲ್ಲಿ ನಂಗೆ ಎರಡು ಮಾತಿಲ್ಲ. 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಗೆ 14 ಇತ್ತು, 1978ರಲ್ಲಿ 18 ಮಾಡಿದ್ರು. ಕರ್ನಾಟಕದಲ್ಲಿ ತಿದ್ದುಪಡಿ ಆಗಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಹುಡುಗಿಗೂ 21 ಮಾಡುದು ಅಂತ 2021ರಲ್ಲಿ ಮಸೂದೆ ತಂದ್ರು, ಅದು ಪಾಸ್ ಆಗದೆ ಬಿದ್ದುಹೋಯ್ತು, ಬಿದ್ದದ್ದು ಒಳ್ಳೇದಾಯ್ತು. ವೋಟು ಹಾಕ್ಲಿಕ್ಕೆ ಬುದ್ಧಿ ಇರುವವಳಿಗೆ ಮದುವೆಗೆ ಇಲ್ಲ ಅನ್ನುದು ಎಂತ ಲೆಕ್ಕ?

ಸರ್ಕಾರವೇ ಮದುವೆ ಮಾಡಿಸ್ತದೆ ಅಲ್ಲ, ಸಪ್ತಪದಿ ಅಂತ?

2020ರಲ್ಲಿ ಶುರು ಮಾಡಿದ್ದು, ಆಗ ಮುಜರಾಯಿ ಮಂತ್ರಿ ನಮ್ಮ ಉಡುಪಿ ಜಿಲ್ಲೆಯ ಕೋಟ ಶ್ರೀನಿವಾಸ ಪೂಜಾರಿಯವರು. ದೊಡ್ಡ ಮುಜರಾಯಿ ದೇವಸ್ಥಾನಗಳಲ್ಲಿ ಸಾಮೂಹಿಕ ಮದುವೆ, ಹುಡುಗಿಗೆ 8 ಗ್ರಾಂ ಬಂಗಾರದ ತಾಳಿ ಮತ್ತೆ 10,000 ರೂಪಾಯಿ, ಹುಡುಗನಿಗೆ 5,000 ಅಂತ ಆಗ ಇತ್ತು. ಧರ್ಮಸ್ಥಳದಲ್ಲಿ ಇದು 1972ರಿಂದಲೇ ನಡೀತಾ ಉಂಟು, ಸರ್ಕಾರ ನೋಡಿ ಕಲಿತದ್ದು. ಸಾಲ ಮಾಡಿ ಮದುವೆ ಮಾಡುವ ಬಡವರಿಗೆ ಇದು ದೊಡ್ಡ ಉಪಕಾರ, ಅದನ್ನು ಸಣ್ಣ ಮಾಡುದಿಲ್ಲ. ಆದ್ರೆ ಒಂದು ಕಡೆ ತಾಳಿ ಕೊಟ್ಟು ಮದುವೆ ಮಾಡಿಸುವ ಸರ್ಕಾರ, ಇನ್ನೊಂದು ಕಡೆ ತನ್ನ ಖರ್ಚಲ್ಲೇ ಮದುವೆ ಆಗುವ ಜೋಡಿಯನ್ನು ಬೋರ್ಡಿನಲ್ಲಿ ನೇತು ಹಾಕ್ತದೆ, ನಂಗೆ ಅದು ಅರ್ಥ ಆಗುದಿಲ್ಲ.

ಉತ್ತರಾಖಂಡದ ಹಾಗೆ ಲಿವ್-ಇನ್ ಕೂಡ ರಿಜಿಸ್ಟರ್ ಮಾಡ್ಬೇಕಾ ಇಲ್ಲಿ?

ಇಲ್ಲಿ ಇಲ್ಲ. ಅಲ್ಲಿ 2025ರ ಜನವರಿಯಿಂದ ಬಂತು. ಮದುವೆ ಬೇಡ ಅಂತ ಇರುವವರನ್ನೂ ಕರ್ದು ಪುಸ್ತಕದಲ್ಲಿ ಬರೆಯುದು ಅಂದ್ರೆ ಕಾವಲು ಕಾಯುದೇ. ಒಟ್ಟಿಗೆ ಇದ್ದ ಹೆಂಗಸಿಗೆ ಹೊಡೆತ ಬಿದ್ರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮೊದ್ಲಿಂದಲೇ ಉಂಟು. ಗೋವಾದ್ದು ಕೇಳ್ತಾರೆ ಕೆಲವರು, ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್, ಎಲ್ಲಾ ಧರ್ಮದವರೂ ಸಿವಿಲ್ ರಿಜಿಸ್ಟ್ರಾರ್ ಹತ್ರ ಹೋಗ್ಲೇಬೇಕು. ಅಲ್ಲಿಯವರಿಗೆ ಅದು ಅಭ್ಯಾಸ ಆಗಿದೆ, ಕೊಂಕಣಿ ನೆಂಟರನ್ನು ಕೇಳಿದ್ರೆ ಇದೊಂದು ವಿಷಯವೇ ಅಲ್ಲ ಅಂತಾರೆ.

ಇಬ್ಬರು ಹುಡುಗಿಯರು, ಇಬ್ಬರು ಹುಡುಗರು?

ಸದ್ಯಕ್ಕೆ ಇಲ್ಲ. 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ಇದು ಪಾರ್ಲಿಮೆಂಟಿಗೆ ಬಿಟ್ಟದ್ದು ಅಂತ ಹೇಳಿತು. ನನ್ನ ಅಂಗಡಿಗೆ ಇಬ್ಬರು ಹುಡುಗಿಯರು ಬಂದಿದ್ರು ಒಮ್ಮೆ, ಒಬ್ಬಳ ಹೆಸರಿನ ಇನ್ಶೂರೆನ್ಸಿಗೆ ಇನ್ನೊಬ್ಬಳ ಹೆಸರು ನಾಮಿನಿ ಹಾಕ್ಲಿಕ್ಕೆ, "ಸಂಬಂಧ" ಅಂತ ಇರುವ ಖಾಲಿ ಜಾಗಕ್ಕೆ ಎಂತ ಬರೆಯುದು ಅಂತ ಕೇಳಿದ್ರು. ಕೊನೆಗೆ ಫ್ರೆಂಡ್ ಅಂತ ಬರೆದೆವು. ಅಷ್ಟು ವರ್ಷ ಒಂದೇ ಅಡುಗೆಮನೆ.

ನಿಮ್ಮ ಮದುವೆ ರಿಜಿಸ್ಟ್ರಿ ಆಗಿದೆಯಾ?

ಎಲ್ಲರೂ ಕೊನೆಗೆ ಇದನ್ನು ಕೇಳಿ ನಗಾಡುದು! ಊರಿಗೆಲ್ಲ ಮಾಡಿಸಿ ಕೊಟ್ಟವನದ್ದು ಹನ್ನೊಂದು ವರ್ಷ ಆಗಿರ್ಲಿಲ್ಲ. ನಮ್ಮದು ಮನೆ ಅಂಗಳದಲ್ಲೇ ಚಪ್ಪರ ಹಾಕಿ ಆದ ಧಾರೆ. ಬ್ಯಾಂಕಿನ ಒಂದು ಸಾಲಕ್ಕೆ ಬೇಕು ಅಂತ ಹೆಂಡತಿ ಬೈದ ಮೇಲೆ ಅರ್ಜಿ ಹಾಕಿದ್ದು. ಆಮಂತ್ರಣ ಪತ್ರಿಕೆ ತನ್ನಿ ಅಂದ್ರು, ನನ್ನ ಹತ್ರ ಇಲ್ಲ, ಪ್ರಿಂಟ್ ಮಾಡಿದವ ನಾನೇ ಆದ್ರೂ ಒಂದೂ ಇಟ್ಕೊಳ್ಳಲಿಲ್ಲ. ಅಮ್ಮ ಒಳಗೆ ಹೋಗಿ ಪೆಟ್ಟಿಗೆಯಲ್ಲಿ ಸೀರೆಯ ಅಡಿಯಿಂದ ಒಂದು ತೆಗೆದು ಕೊಟ್ರು, ನಾಲ್ಕು ಮೂಲೆಗೂ ಹಚ್ಚಿದ ಅರಶಿನ ಹಾಗೇ ಇತ್ತು. ಝೆರಾಕ್ಸ್ ತೆಗೆಯುವಾಗ ಗಾಜಿಗೆಲ್ಲ ಹಿಡಿದು ಆ ದಿನ ಇಡೀ ಎಲ್ಲರ ಪ್ರತಿಯ ಮೂಲೆಯಲ್ಲೂ ಒಂದೊಂದು ಕಲೆ ಬಂತು.